ಅಂಗಡಿ ಹಾಕುವ ಮುಂಚೆ ಊರು ನೋಡುವುದು ಹೇಗೆ: ಉದ್ರಿ ಪುಸ್ತಕದಿಂದ ಗೋವಾ ಬಸ್ಸಿನವರೆಗೆ

ಹುಬ್ಬಳ್ಳಿಯ ಒಂದು ಹೋಲ್‌ಸೇಲ್ ಅಂಗಡಿ ಪರವಾಗಿ ಹದಿನಾಲ್ಕು ವರ್ಷ ಲೈನ್ ಮೇಲೆ ಓಡಾಡಿದವನು ನಾನು. ಲೈನ್ ಅಂದರೆ ಗೊತ್ತಲ್ವಾ, ಒಂದು ದಿನ ಅಣ್ಣಿಗೇರಿ-ಗದಗ, ಇನ್ನೊಂದು ದಿನ ಲಕ್ಷ್ಮೇಶ್ವರ-ಶಿರಹಟ್ಟಿ, ಮತ್ತೊಂದು ದಿನ ಹಾವೇರಿ-ಬ್ಯಾಡಗಿ-ರಾಣೆಬೆನ್ನೂರು, ಹೀಗೆ ಅಂಗಡಿ ಅಂಗಡಿಗೆ ಹೋಗಿ ಆರ್ಡರ್ ಬರೆದುಕೊಂಡು ಹಳೆ ಬಾಕಿ ವಸೂಲಿ ಮಾಡಿಕೊಂಡು ಬರುವ ಕೆಲಸ. ಆರ್ಡರ್ ಯಾರು ಬೇಕಾದರೂ ತರುತ್ತಾರೆ. ಊರಿನ ನಿಜ ಗೊತ್ತಾಗುವುದು ವಸೂಲಿಗೆ ಹೋದಾಗ.

ಈಗ ಆ ಕೆಲಸ ಬಿಟ್ಟು ಸ್ವಂತ ವ್ಯಾಪಾರ ಮಾಡಿಕೊಂಡಿದ್ದೇನೆ. ಆದರೂ ತಿಂಗಳಿಗೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಅಣ್ಣಾ, ಗದಗದಾಗ ಒಂದು ಬೇಕರಿ ಹಾಕಬೇಕಂತೇನಿ, ನಡದೀತಾ?" "ಹಾವೇರಿ ಕಡೆ ಪ್ಲಾಟ್ ತಗೊಳ್ಳಲಾ?" ಎಲ್ಲರಿಗೂ ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೆ ಬರೆದೇ ಬಿಡೋಣ ಅಂತ ಕೂತೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೆದ್ದಾರಿ ಪಕ್ಕದ ಒಂದು ಊರು, ಹೆಸರು ಬೇಡ. ಒಂದೇ ವರ್ಷದಲ್ಲಿ ನಾಲ್ಕು ಹೊಸ ಕಾಂಪ್ಲೆಕ್ಸ್ ಎದ್ದವು, ಎರಡು ಹೊಸ ಬಾರು ಬಂದವು, ಎಲ್ಲಿ ನೋಡಿದರೂ ಬಿಳಿ ಕಾರು. ಊರು ಏಳುತ್ತಿದೆ ಅಂದುಕೊಂಡು ಮೂರು ಅಂಗಡಿಗೆ ಒಟ್ಟು 1 ಲಕ್ಷ 80 ಸಾವಿರದ ಮಾಲು ಉದ್ರಿ ಹಾಕಿದೆ. ಆಮೇಲೆ ತಿಳಿಯಿತು, ಅದೆಲ್ಲ ರಸ್ತೆಗೆ ಹೋದ ಹೊಲದ ಪರಿಹಾರದ ರೊಕ್ಕ. ಒಮ್ಮೆ ಬಂತು. ಕಟ್ಟಡ ಆಯಿತು, ಕಾರು ಆಯಿತು, ಮಗಳ ಮದುವೆ ಆಯಿತು, ಮುಗಿಯಿತು. ಹೊಲವೂ ಇಲ್ಲ. ಮರುವರ್ಷ ಮೂರರಲ್ಲಿ ಎರಡು ಅಂಗಡಿ ಶಟರ್ ಎಳೆದವು. ಆ ಬಾಕಿಯಲ್ಲಿ ಒಂದು ಪಾಲು ನನ್ನ ಪಗಾರದಲ್ಲಿ ಕಟ್ ಆಯಿತು, ಹತ್ತು ತಿಂಗಳು.

ಅಂದಿನಿಂದ ಹೊಸ ಕಟ್ಟಡ ನೋಡಿ ಊರನ್ನು ಅಳೆಯುವುದು ಬಿಟ್ಟೆ. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ, ಜಗತ್ತಿನಲ್ಲೇ ಉದ್ದದ್ದು, ನಮಗೆಲ್ಲ ಹೆಮ್ಮೆ. ಆದರೆ ಈ ವಾರ ವ್ಯಾಪಾರ ಹೇಗಿದೆ ಅಂತ ತಿಳಿಯಬೇಕಾದರೆ ನಾನು ಪ್ಲಾಟ್‌ಫಾರಂ ಅಳೆಯಲ್ಲ, ನಿಲ್ದಾಣದ ಹೊರಗೆ ಚಹಾ ಮಾರುವವನನ್ನು ಕೇಳುತ್ತೇನೆ.

ಮೊದಲ ಕೆಲಸ: ಈ ಊರಿಗೆ ರೊಕ್ಕ ಯಾವ ತಿಂಗಳು ಬರುತ್ತದೆ?

ಇದು ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ಹತ್ತುವುದಿಲ್ಲ. ಧಾರವಾಡ ಪಗಾರದ ಊರು, ವಿದ್ಯಾರ್ಥಿಗಳ ಊರು. ಅಲ್ಲಿ ತಿಂಗಳ ಮೊದಲ ವಾರ ಬೇರೆ, ಕೊನೆಯ ವಾರ ಬೇರೆ. ಸಪ್ತಾಪುರದ ಕಡೆ ಮೆಸ್ಸು, ರೂಮು, ಝೆರಾಕ್ಸ್ ಅಂಗಡಿಗಳು ಸರ್ಕಾರಿ ನೇಮಕಾತಿ ಪ್ರಕಟಣೆ ಮೇಲೆ ಬದುಕುತ್ತವೆ. ಪ್ರಕಟಣೆ ಬಂತಾ, ರೂಮು ಸಿಗಲ್ಲ. ಬರಲಿಲ್ವಾ, ಗೇಟಿಗೆ ಗೇಟಿಗೆ "ರೂಮು ಖಾಲಿ ಇದೆ" ಬೋರ್ಡು.

ಗದಗ ಜಿಲ್ಲೆಯ ಎರಿಭೂಮಿಯ, ಅಂದರೆ ಕಪ್ಪು ಮಣ್ಣಿನ ಊರುಗಳಲ್ಲಿ ಹಾಗಲ್ಲ. ಮುಂಗಾರಿ ಹೆಸರುಕಾಳು ಕೈಗೆ ಬರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಹಿಂಗಾರಿ ಕಡಲೆ, ಬಿಳಿಜೋಳ ಬರುವುದು ಶಿವರಾತ್ರಿ ಆಸುಪಾಸು. ನಡುವಿನ ತಿಂಗಳುಗಳೆಲ್ಲ ಉದ್ರಿ ಮೇಲೆ. ಬ್ಯಾಡಗಿಯಂತೂ ಸಂಪೂರ್ಣ ಮೆಣಸಿನಕಾಯಿ ಊರು. ಸೋಮವಾರ, ಗುರುವಾರ ಮಾರುಕಟ್ಟೆ. ಫೆಬ್ರವರಿಯ ಒಂದು ಗುರುವಾರ ಅಲ್ಲಿಗೆ ಹೋದರೆ ಘಾಟಿಗೆ ಸೀನುತ್ತಾ, ಲಾರಿಗಳ ನಡುವೆ ದಾರಿ ಹುಡುಕುತ್ತಾ, ಇಲ್ಲಿ ಇಟ್ಟಿಗೆ ಇಟ್ಟರೂ ಮಾರಿಹೋಗುತ್ತದೆ ಅನಿಸಿಬಿಡುತ್ತದೆ. ಅದೇ ಊರಿಗೆ ಆಷಾಢದ ಬುಧವಾರ ಹೋಗಿ ನೋಡಿ, ಹೋಟೆಲಿನವನು ನಿಮ್ಮ ಜತೆ ಕೂತು ಮಾತಾಡುತ್ತಾನೆ, ಅಷ್ಟು ಬಿಡುವು. ಎರಡೂ ನಿಜವೇ. ಅದಕ್ಕೆ ಕನಿಷ್ಠ ಎರಡು ಸಲ ಹೋಗಿ, ಸುಗ್ಗಿಯಲ್ಲಿ ಒಂದು ಸಲ, ಖಾಲಿ ತಿಂಗಳಲ್ಲಿ ಒಂದು ಸಲ. ಸಂತೆಯ ದಿನ ಮಾತ್ರ ನೋಡಿ ಬಂದು ಅಡ್ವಾನ್ಸ್ ಕೊಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಇದರ ಜತೆ ಕೃಷಿ ಮಾರಾಟ ವಾಹಿನಿ ಅನ್ನೋ ಸರ್ಕಾರಿ ಜಾಲತಾಣ ತೆಗೆದು ಆ ಊರಿನ ಎಪಿಎಂಸಿಯ ಆವಕ (ಎಷ್ಟು ಮಾಲು ಬಂತು) ಮತ್ತು ದರ ನೋಡಿ, ಪುಕ್ಕಟೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ದರ ಏರಿದೆ ಅಂತ ಪೇಪರಿನಲ್ಲಿ ಬಂದ ಕೂಡಲೇ ರೈತನ ಕೈಯಲ್ಲಿ ರೊಕ್ಕ ಇದೆ ಅಂದುಕೊಳ್ಳಬೇಡಿ. ಬೆಳೆಯೇ ಬರದಿದ್ದಾಗಲೂ ದರ ಏರುತ್ತದೆ, ಆಗ ಮಾರಲು ಅವನ ಹತ್ತಿರ ಏನೂ ಇರುವುದಿಲ್ಲ. ಉಲ್ಟಾ ಕೂಡ ಆಗುತ್ತದೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದು ರೈತರು ಸಿಟ್ಟಿಗೆದ್ದರು, ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಮಾಲು ಬರಲಿಲ್ಲ ಅಂತಲ್ಲ, ಬಂದ ಮಾಲಿಗೆ ದರ ಸಿಗಲಿಲ್ಲ.

ಎರಡನೆಯದು: ಬೆಳಿಗ್ಗೆ ಆರಕ್ಕೆ ಎದ್ದು ಹೋಗಿ, ಹತ್ತಕ್ಕೆ ಮತ್ತೆ ಹೋಗಿ

ಎಲ್ಲ ಊರಿನಲ್ಲೂ ಕೂಲಿಯವರು ನಿಲ್ಲುವ ಒಂದು ಸರ್ಕಲ್ ಇರುತ್ತದೆ. ಬುತ್ತಿ ಕಟ್ಟಿಕೊಂಡು, ಗೌಂಡಿಯವರು ಥಾಪಿ ಹಿಡಿದುಕೊಂಡು, ಹೆಣ್ಣುಮಕ್ಕಳು ಬುಟ್ಟಿ ಹಿಡಿದುಕೊಂಡು ನಿಂತಿರುತ್ತಾರೆ. ಆರು ಗಂಟೆಗೆ ಎಷ್ಟು ಜನ ನಿಂತಿದ್ದಾರೆ ಅನ್ನೋದಕ್ಕೆ ಬೆಲೆಯಿಲ್ಲ. ಹತ್ತು ಗಂಟೆಗೆ ಎಷ್ಟು ಜನ ಉಳಿದಿದ್ದಾರೆ ಅದನ್ನು ಎಣಿಸಿ. ಎಂಟಕ್ಕೇ ಸರ್ಕಲ್ ಖಾಲಿಯಾದರೆ ಊರಲ್ಲಿ ಕಟ್ಟಡವೋ ಹೊಲವೋ ಏನೋ ಒಂದು ನಡೆದಿದೆ. ಹತ್ತಾದರೂ ಅರ್ಧ ಮಂದಿ ಅಲ್ಲೇ ಇದ್ದು, ನೀವು ಬೈಕ್ ನಿಲ್ಲಿಸಿದ ಕೂಡಲೇ ಐದಾರು ಜನ ಓಡಿ ಬಂದು "ಕೆಲಸ ಐತೇನ್ರೀ?" ಅಂತ ಕೇಳಿದರೆ, ಆ ಊರಿನ ಹೊಸ ಲೇಔಟಿನ ಕಮಾನು ಎಷ್ಟು ದೊಡ್ಡದಿದ್ದರೂ ನಂಬಬೇಡಿ. ಕೂಲಿ ಎಷ್ಟು ಕೇಳುತ್ತಾರೆ, ಹತ್ತು ಗಂಟೆಗೆ ಎಷ್ಟಕ್ಕೆ ಇಳಿಯುತ್ತಾರೆ, ಅದನ್ನೂ ಬರೆದುಕೊಳ್ಳಿ.

ಅಲ್ಲೇ ಪಕ್ಕದಲ್ಲಿ ಚಹಾ ಕುಡಿಯಿರಿ, ಗಿರಮಿಟ್ಟು ಮಿರ್ಚಿ ತಿನ್ನಿ. ಮಿರ್ಚಿಯ ಸೈಜು ಹೋದ ವರ್ಷಕ್ಕಿಂತ ಸಣ್ಣದಾಗಿದೆಯಾ, ಅಥವಾ ದರ ಏರಿದೆಯಾ? ದರ ಏರಿಸಿಯೂ ಗಿರಾಕಿ ಬರುತ್ತಾರೆ ಅನ್ನುವ ಧೈರ್ಯ ಇದ್ದವನು ದರ ಏರಿಸುತ್ತಾನೆ. ಧೈರ್ಯ ಇಲ್ಲದವನು ಮಿರ್ಚಿ ಸಣ್ಣದು ಮಾಡುತ್ತಾನೆ. ಖಾನಾವಳಿಯಲ್ಲೂ ಇದೇ. ರೊಟ್ಟಿ ತೆಳ್ಳಗಾಗಿರುತ್ತದೆ, ಶೇಂಗಾ ಹಿಂಡಿ ಜತೆ ಕೊಡುವ ಮೊಸರು ನೀರಾಗಿರುತ್ತದೆ.

ಮೂರನೆಯದು: ಕಿರಾಣಿ ಅಂಗಡಿ. ಇಲ್ಲಿ ಅವಸರ ಬೇಡ

ಒಂದು ಗಂಟೆ ಕೂರಿ. ಸುಮ್ನೆ ಕೂತರೆ ಅನುಮಾನ ಪಡುತ್ತಾರೆ, ಏನಾದರೂ ಕೊಂಡುಕೊಂಡು ಮಾತು ತೆಗೆಯಿರಿ. ಬರುವವರು ಏನು ಕೇಳುತ್ತಾರೆ ಅದನ್ನು ಕಿವಿಗೊಟ್ಟು ಕೇಳಿ. ಎಣ್ಣೆ ಲೀಟರ್ ಪಾಕೀಟು ತಗೊಳ್ಳುತ್ತಾರಾ, ಕಾಲು ಕೆಜಿ ಬಿಡಿ ಎಣ್ಣೆ ಕೇಳುತ್ತಾರಾ? ಶಾಂಪೂ ಒಂದು ರೂಪಾಯಿ ಚೀಟಿಯದ್ದೇ ಎಲ್ಲ ಕಡೆ ಹೋಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ, ಶ್ರೀಮಂತರೂ ಅದನ್ನೇ ಒಯ್ಯುತ್ತಾರೆ. ಚಹಾಪುಡಿ ಮತ್ತು ಬಟ್ಟೆ ಸೋಪು ನೋಡಿ. ಮನೆಯಲ್ಲಿ ಕೈ ಬಿಗಿಯಾದಾಗ ಮೊದಲು ಬ್ರ್ಯಾಂಡ್ ಬದಲಾಗುವುದು ಈ ಎರಡರಲ್ಲಿ ಅಂತ ನನ್ನ ಹದಿನಾಲ್ಕು ವರ್ಷದ ಆರ್ಡರ್ ಬುಕ್ಕು ಹೇಳುತ್ತದೆ. ಹಬ್ಬದ ಹಿಂದಿನ ವಾರ ಬೆಲ್ಲ, ಕಡಲೆಬೇಳೆ ಕೆಜಿಗಟ್ಟಲೆ ಹೋಯಿತಾ ಅರ್ಧ ಕೆಜಿ ಲೆಕ್ಕದಲ್ಲಿ ಹೋಯಿತಾ ಅಂತಲೂ ಕೇಳಿ. ಹೋಳಿಗೆ ಬಿಡುವಷ್ಟು ಬಿಗಿ ಬಂತು ಅಂದರೆ ಬಹಳ ಬಿಗಿಯೇ ಬಂದಿದೆ.

ಈಗ ಉದ್ರಿ ಪುಸ್ತಕ. "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡು ಹಾಕಿದವನ ಹತ್ತಿರವೇ ದೊಡ್ಡ ಉದ್ರಿ ಪುಸ್ತಕ ಇರುತ್ತದೆ. ಲಕ್ಷ್ಮೇಶ್ವರದ ಲೈನಿನಲ್ಲಿ ಒಬ್ಬರು ಹಿರಿಯ ಅಂಗಡಿಯವರಿದ್ದರು. ನಾನು ಕಾಕಾ ಅನ್ನುತ್ತಿದ್ದೆ, ಅವರು ನನಗೆ ತಮ್ಮಾ. ಕೆಂಪು ಬಟ್ಟೆ ಹೊದಿಕೆಯ ಉದ್ದನೆ ಪುಸ್ತಕ, ತೂಕದ ಯಂತ್ರದ ಹಿಂದೆ, ಅರ್ಧ ತುಂಬಿದ ಬೆಲ್ಲದ ಡಬ್ಬಿ ಮೇಲೆ ಇಟ್ಟಿರುತ್ತಿದ್ದರು. ಪುಟದ ಅಂಚಿಗೆಲ್ಲ ಬೆಲ್ಲ ಹತ್ತಿ ಎರಡು ಹಾಳೆ ಒಟ್ಟಿಗೆ ಅಂಟಿಕೊಳ್ಳುತ್ತಿತ್ತು, ಅವರು ಉಗುರಿನಿಂದ ಬಿಡಿಸಿ ತೋರಿಸುತ್ತಿದ್ದರು. ಒಂದು ಮನೆಗೆ ಒಂದು ಪುಟ. ಒಂದು ದೀಪಾವಳಿ ಮುಂಚೆ ನಾನು ಬಾಕಿಗೆ ಕೂತಾಗ ಕೇಳಿದೆ, "ಕಾಕಾ, ಉದ್ರಿ ಭಾಳ ಆಗೇತಿ ಅಂತೀರಿ, ಮತ್ತ ಕೊಡಾಕತ್ತೀರಿ?"

"ತಮ್ಮಾ, ಉದ್ರಿ ಭಾಳ ಆದ್ರ ಹೆದರಿಕಿ ಇಲ್ಲ. ಇಲ್ನೋಡು," ಅಂತ ಒಂದು ಪುಟ ತೆಗೆದರು. ಮೇಲಿನಿಂದ ಕೆಳಗಿನವರೆಗೆ ಬರೆದದ್ದು, ನಡುವೆ ಎರಡು ಕಡೆ ಅಡ್ಡಗೆರೆ ಎಳೆದು "ಚುಕ್ತಾ" ಅಂತ. ಒಂದು ಹೆಸರುಕಾಳು ಮಾರಿದಾಗ, ಇನ್ನೊಂದು ಕಡಲೆ ಮಾರಿದಾಗ. "ಈಂವಾ ಗಟ್ಟಿ." ಆಮೇಲೆ ಇನ್ನೊಂದು ಪುಟ. ಅದರಲ್ಲಿ ಅಡ್ಡಗೆರೆ ಒಂದೂ ಇಲ್ಲ. ಇನ್ನೂರು ಜಮಾ, ಐದುನೂರು ಜಮಾ, ಮತ್ತೆ ಇನ್ನೂರು. ಮೇಲ್ಗಡೆ ಮೊದಲ ಸಾಲಿನಲ್ಲಿ "ಹಳೆ ಪುಸ್ತಕದಿಂದ ತಂದದ್ದು" ಅಂತ ಒಂದು ಮೊತ್ತ. "ಇದು ಮೂರನೇ ಪುಸ್ತಕ. ಪಾಡ್ಯಕ್ಕ ಹೊಸಾ ಪುಸ್ತಕ ಪೂಜಿ ಮಾಡಿದ ಕೂಡ್ಲೆ ಮೊದಲ ಇದನ್ನ ಬರಿಬೇಕು."

ಇದನ್ನೇ ನೀವು ಕೇಳಬೇಕಾದದ್ದು. ಉದ್ರಿ ಎಷ್ಟಿದೆ ಅಂತ ಕೇಳಬೇಡಿ, ಯಾರೂ ನಿಜ ಹೇಳಲ್ಲ, ಹೇಳಿದರೂ ಉಪಯೋಗವಿಲ್ಲ. "ಈ ಸಲ ಪಾಡ್ಯಕ್ಕೆ ಎಷ್ಟು ಮನೆ ಬಾಕಿ ಹೊಸ ಪುಸ್ತಕಕ್ಕೆ ದಾಟಿತು? ಹೋದ ಸಲಕ್ಕಿಂತ ಜಾಸ್ತಿಯಾ ಕಡಿಮೆಯಾ?" ಅಂತ ಕೇಳಿ. ಅಂಗಡಿಯವರಿಗೆ ಇದು ಬಾಯಲ್ಲೇ ಇರುತ್ತದೆ. ಬರೆದು, ಚುಕ್ತಾ ಮಾಡಿ, ಮತ್ತೆ ಬರೆಸುವ ಊರು ಆರೋಗ್ಯವಾಗಿದೆ. ಬರೀ ದಾಟಿಸುತ್ತಾ ಹೋಗುವ ಊರಿನಲ್ಲಿ ನಿಮ್ಮ ಅಂಗಡಿಯ ಮಾಲು ಹೋಗುತ್ತದೆ, ರೊಕ್ಕ ಬರುವುದಿಲ್ಲ. ಉದ್ರಿ ಕೊಡುವುದನ್ನೇ ಪೂರ್ತಿ ನಿಲ್ಲಿಸಿದ ಊರು ಎಲ್ಲಕ್ಕಿಂತ ಕೆಟ್ಟದ್ದು. ಅಲ್ಲಿ ಒಬ್ಬರ ಮೇಲೊಬ್ಬರಿಗೆ ನಂಬಿಕೆಯೇ ಹೋಗಿರುತ್ತದೆ.

ಮೆಡಿಕಲ್ ಶಾಪಿನಲ್ಲಿ ಎರಡು ನಿಮಿಷ ನಿಂತರೆ ಸಾಕು. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಪಟ್ಟಿ ಲೆಕ್ಕದಲ್ಲಿ ಒಯ್ಯುತ್ತಾರಾ, ಐದೈದು ಕತ್ತರಿಸಿ ಕೊಡಿ ಅನ್ನುತ್ತಾರಾ ನೋಡಿ. ಕತ್ತರಿ ಸದ್ದು ಜಾಸ್ತಿ ಕೇಳಿದರೆ ತಿಂಗಳ ಕೊನೆ ಅಥವಾ ಕೆಟ್ಟ ಕಾಲ, ಎರಡರಲ್ಲಿ ಒಂದು.

ಯುಪಿಐ ಡಬ್ಬಿಗೆ ಕಿವಿ ಕೊಡಿ

ನನ್ನ ಕಾಲದಲ್ಲಿ ಇರಲಿಲ್ಲ, ಈಗ ಇದು ಬಿಟ್ಟಿ ಸಿಗುವ ಲೆಕ್ಕಪತ್ರ. ಸಂಜೆ ಆರರಿಂದ ಏಳರವರೆಗೆ ಪೇಟೆಯಲ್ಲಿ ಒಂದು ಕಡೆ ನಿಲ್ಲಿ. ಡಬ್ಬಿ ಕೂಗುತ್ತಲೇ ಇರುತ್ತದೆ, "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ", "ನೂರಾ ನಲವತ್ತು ರೂಪಾಯಿ". ಮೊಬೈಲಿನಲ್ಲಿ ಗೀರು ಹಾಕುತ್ತಾ ಹೋಗಿ: ಐವತ್ತರ ಒಳಗೆ ಎಷ್ಟು, ಐದುನೂರರ ಮೇಲೆ ಎಷ್ಟು. ಚಹಾ ಅಂಗಡಿ ಡಬ್ಬಿ ಬಿಡಿ, ಬಟ್ಟೆ ಅಂಗಡಿ, ಹಾರ್ಡ್‌ವೇರ್, ಸ್ಟೀಲ್ ಪಾತ್ರೆ ಅಂಗಡಿಯದ್ದು ಕೇಳಿ. ಪಾತ್ರೆ ಅಂಗಡಿ ನನಗೆ ಬಹಳ ನೆಚ್ಚಿನದು. ಪಾತ್ರೆ ಯಾರಿಗೂ ತುರ್ತಾಗಿ ಬೇಕಾಗುವುದಿಲ್ಲ, ಮುಂದೆ ಹಾಕಲು ಸುಲಭ, ಹಾಗಾಗಿ ಕೈಯಲ್ಲಿ ನಾಲ್ಕು ಕಾಸು ಉಳಿದಾಗಲೇ ಹೋಗುತ್ತಾರೆ.

ಒಂದು ಎಚ್ಚರಿಕೆ. "ಯುಪಿಐ ಇಲ್ಲ, ನಗದು ಮಾತ್ರ" ಅನ್ನೋ ಚೀಟಿ ಕಂಡರೆ ವ್ಯಾಪಾರ ಬಿದ್ದಿದೆ ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋದಾಗ ರಾಜ್ಯದಲ್ಲಿ ಅನೇಕರು ಕೋಡ್ ಹರಿದು ತೆಗೆದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿ. ಅದರ ಹೆದರಿಕೆ ಇದ್ದವನ ವ್ಯಾಪಾರ ಚೆನ್ನಾಗಿಯೇ ಇರುತ್ತದೆ ಅಲ್ವಾ.

ಇನ್ನೊಂದು, ಗೃಹಲಕ್ಷ್ಮಿಯ ಎರಡು ಸಾವಿರ. 2023ರ ಆಗಸ್ಟ್‌ನಿಂದ ಇದು ಸಣ್ಣ ಊರಿನ ಪೇಟೆಯಲ್ಲಿ ಒಂದು ಹೊಸ ಪಗಾರದ ದಿನವನ್ನೇ ಮಾಡಿಬಿಟ್ಟಿದೆ. ಜಮಾ ಆದ ವಾರ ನೀವು ಹೋದರೆ ಲೆಕ್ಕ ತಪ್ಪುತ್ತದೆ. ಅಂಗಡಿಯವರನ್ನು ಕೇಳಿ, ಆ ವಾರ ಹೆಣ್ಣುಮಕ್ಕಳು ಹೊಸದಾಗಿ ಕೊಳ್ಳುತ್ತಾರಾ, ಹಳೆ ಉದ್ರಿ ಕಟ್ಟುತ್ತಾರಾ, ಇಲ್ಲ ಸಂಘದ (ಮೈಕ್ರೋಫೈನಾನ್ಸ್ ಗುಂಪಿನ) ಸಾಲದ ಕಂತಿಗೆ ಹೋಗುತ್ತದಾ?

ಪೇಪರಿನ ಹಿಂಬದಿ ಓದಿ

ಮುಖಪುಟ ಬೇಡ. ಜಿಲ್ಲಾ ಪುಟದ ಹಿಂದೆ ಸಣ್ಣ ಅಕ್ಷರದಲ್ಲಿ ಚಿನ್ನದ ಸಾಲದ ಹರಾಜು ನೋಟಿಸು ಬರುತ್ತದೆ. ಅಡವಿಟ್ಟ ಚಿನ್ನ ಹರಾಜು ಹಾಕುವ ಮುಂಚೆ ಎರಡು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಅಂತ ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಶಾಖೆವಾರು ಸಾಲದ ನಂಬರುಗಳನ್ನು ಕೊಡುತ್ತಾರೆ. ನಿಮ್ಮ ಊರಿನ ಶಾಖೆಯ ಕೆಳಗೆ ಎಷ್ಟು ನಂಬರಿದೆ ಎಣಿಸಿ, ಆರು ತಿಂಗಳ ಹಿಂದಿನ ಪೇಪರಿನ ಜತೆ ಹೋಲಿಸಿ. ಗ್ರಂಥಾಲಯದಲ್ಲಿ ಹಳೆ ಪೇಪರಿನ ಕಟ್ಟು ಸಿಗುತ್ತದೆ. ಮನೆ, ಮಳಿಗೆ ಸ್ವಾಧೀನಕ್ಕೆ ತಗೊಂಡೆವು ಅನ್ನುವ ಬ್ಯಾಂಕಿನ ನೋಟಿಸೂ ಅಲ್ಲೇ ಇರುತ್ತದೆ.

ಚಿನ್ನದ ಸಾಲದ ಅಂಗಡಿ ಜಾಸ್ತಿ ಆದವು, ಊರು ಮುಳುಗಿತು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ನಮ್ಮ ಕಡೆ ಬಿತ್ತನೆಗೆ ಪಾಟಲಿ ಅಡವಿಟ್ಟು ಸುಗ್ಗಿಗೆ ಬಿಡಿಸಿಕೊಳ್ಳುವುದು ಮೊದಲಿನಿಂದಲೂ ಇದೆ, ಮುಂಚೆ ಗಿರವಿ ಅಂಗಡಿಗೆ ಹೋಗುತ್ತಿದ್ದರು, ಈಗ ಎಸಿ ಇರುವ ಆಫೀಸಿಗೆ ಹೋಗುತ್ತಾರೆ. 2025ರಲ್ಲಿ ಚಿನ್ನ ಹತ್ತು ಗ್ರಾಮಿಗೆ ಲಕ್ಷ ದಾಟಿದ ಮೇಲಂತೂ ಅದೇ ಬಳೆಗೆ ಜಾಸ್ತಿ ಸಾಲ ಸಿಗುತ್ತದೆ, ಜನ ಹೋಗದೆ ಇರುತ್ತಾರಾ. ನೋಡಬೇಕಾದದ್ದು ಬಿಡಿಸಿಕೊಳ್ಳುವವರನ್ನು. ಸುಗ್ಗಿ ಮುಗಿದ ಮೇಲೆ ಆ ಆಫೀಸಿನ ಸಾಲಿನಲ್ಲಿ ನಿಂತವರು ಒಡವೆ ಬಿಡಿಸಲು ಬಂದವರಾ, ಬಡ್ಡಿ ಕಟ್ಟಿ ಮುಂದೂಡಲು ಬಂದವರಾ? ಅಲ್ಲಿನ ಕಾವಲುಗಾರನಿಗೆ ಮ್ಯಾನೇಜರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಒಂದು ಚಹಾ ಕೊಡಿಸಿ.

ಸಂಘದ ಸಾಲದ ಮಾತು ಬೇರೆ. ಕಂತಿನ ದಿನ ಓಣಿಯಲ್ಲಿ ಹಗಲು ಹತ್ತಕ್ಕೆ ಮನೆಗಳಿಗೆ ಬೀಗ ಇದ್ದರೆ, ಎಲ್ಲರೂ ಹೊಲಕ್ಕೆ ಹೋಗಿದ್ದಾರೆ ಅಂದುಕೊಳ್ಳಬೇಡಿ. ಮೈಕ್ರೋಫೈನಾನ್ಸ್‌ನವರ ವಸೂಲಿ ಕಿರುಕುಳ ಅಷ್ಟಾಗಿತ್ತು ಅನ್ನುವ ಕಾರಣಕ್ಕೇ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಶಟರ್, ಬೋರ್ಡು, ಟಯರು

ಪೇಟೆಯ ಮುಖ್ಯ ರಸ್ತೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಮುಚ್ಚಿದ ಶಟರ್ ಎಣಿಸಿ, ಆದರೆ ನೆಲಮಹಡಿ ಮಾತ್ರ. ಕಾಂಪ್ಲೆಕ್ಸಿನ ಮೊದಲ ಮಹಡಿ ಎಲ್ಲ ಊರಲ್ಲೂ ಖಾಲಿಯೇ, ಅಲ್ಲಿ ಹೆಚ್ಚೆಂದರೆ ಒಂದು ಟ್ಯೂಷನ್ನು, ಒಂದು ಜಿಮ್ಮು. ಮುಚ್ಚಿದ್ದಕ್ಕಿಂತ ಬದಲಾದದ್ದನ್ನು ನೋಡಿ. ಬೋರ್ಡಿನ ಮೇಲೆ ಬೋರ್ಡು ಕಾಣುತ್ತದಾ? ಮೊಬೈಲ್ ಅಂಗಡಿ ಇದ್ದದ್ದು ಐಸ್‌ಕ್ರೀಂ ಆಗಿ, ಅದು ಫ್ಯಾನ್ಸಿ ಸ್ಟೋರ್ ಆಗಿ, ಫ್ಲೆಕ್ಸಿನ ಮೂಲೆಯಲ್ಲಿ ಹಳೆ ಹೆಸರು ಇಣುಕುತ್ತಿದ್ದರೆ, ಆ ಜಾಗದಲ್ಲಿ ಮಾಲೀಕ ಮಾತ್ರ ಗೆದ್ದಿದ್ದಾನೆ, ಮೂರು ಡಿಪಾಸಿಟ್ ತಿಂದು. ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ಡಿಪಾಸಿಟ್ ಎಷ್ಟು ತಿಂಗಳದ್ದು ಅಂತ ಕೇಳಿ. ಹತ್ತು ತಿಂಗಳದ್ದು ಕೇಳುತ್ತಿದ್ದವರು ನಾಲ್ಕಕ್ಕೆ ಇಳಿದಿದ್ದರೆ ಊರಿಗೆ ಬಾಡಿಗೆದಾರರು ಬರುತ್ತಿಲ್ಲ.

ಗ್ಯಾರೇಜಿನವರು ಒಳ್ಳೆ ಸಾಕ್ಷಿ. ಬೈಕಿಗೆ ನಾಲ್ಕು ರಿಪೇರಿ ಇದ್ದು "ಬ್ರೇಕ್ ಒಂದ ಮಾಡ್ರಿ, ಉಳಿದದ್ದು ಮುಂದಿನ ತಿಂಗಳ" ಅನ್ನುವವರು ಜಾಸ್ತಿಯಾಗಿದ್ದಾರಾ ಅಂತ ಕೇಳಿ. ಎಪಿಎಂಸಿ ಮುಂದೆ ನಿಂತ ಟ್ರ್ಯಾಕ್ಟರು, ಟಂಟಂಗಳ ಟಯರು ನೋಡಿ. ಟಯರು ನುಣ್ಣಗಾಗಿದ್ದರೂ ಓಡಿಸುತ್ತಿದ್ದಾರೆ ಅಂದರೆ ದುಡಿಮೆ ಡೀಸೆಲ್ಲಿಗೂ ಕಂತಿಗೂ ಸರಿಹೋಗುತ್ತಿದೆ, ಟಯರಿಗೆ ಉಳಿಯುತ್ತಿಲ್ಲ. ನಾನು ಇದನ್ನು ಎಷ್ಟು ನಂಬುತ್ತೇನೆ ಅಂದರೆ, ಯಾರಾದರೂ ಉದ್ರಿ ಕೇಳಲು ಗಾಡಿಯಲ್ಲಿ ಬಂದರೆ ಈಗಲೂ ಮೊದಲು ಅವರ ಗಾಲಿ ಕಡೆಗೇ ಕಣ್ಣು ಹೋಗುತ್ತದೆ.

ಗದಗದ ಕಪ್ಪತಗುಡ್ಡದ ಕಡೆ ಸಾಲಾಗಿ ನಿಂತ ಗಾಳಿ ಫ್ಯಾನುಗಳನ್ನು ನೋಡಿ ಊರಿಗೆ ಭಾರಿ ಆದಾಯ ಅಂದುಕೊಳ್ಳುವವರೂ ಇದ್ದಾರೆ. ಜಾಗ ಕೊಟ್ಟವರಿಗೆ ಬಂದಿರುತ್ತದೆ, ಹೌದು. ಪೇಟೆಯ ಟೇಲರಿಗೆ ಅದರಿಂದ ಒಂದು ಅಂಗಿ ಹೊಲಿಗೆ ಬಂದಿದೆಯಾ ಅಂತ ಕೇಳಿ ನೋಡಿ.

ರಾತ್ರಿ ಬಸ್‌ಸ್ಟ್ಯಾಂಡಿಗೆ ಹೋಗಿ

ಎಲ್ಲ ಸುತ್ತಾಟ ಮುಗಿಸಿ ಊಟ ಮಾಡಿ ಬಸ್‌ಸ್ಟ್ಯಾಂಡಿನಲ್ಲಿ ಕೂರಿ. ಗದಗ, ಮುಂಡರಗಿ ಕಡೆಯಿಂದ ಗೋವಾ, ಮಂಗಳೂರು ಬಸ್ಸಿಗೆ ಯಾರು ಹತ್ತುತ್ತಾರೆ, ಏನು ಹೊತ್ತುಕೊಂಡು ಹತ್ತುತ್ತಾರೆ? ಒಬ್ಬನೇ ಹುಡುಗ ಒಂದು ಬ್ಯಾಗು ಹಿಡಿದು ಹೊರಟರೆ ಅವನು ತಿಂಗಳಿಗೆ ಇಷ್ಟು ಅಂತ ಮನೆಗೆ ಕಳಿಸುತ್ತಾನೆ, ಊರಿಗೆ ಲಾಭವೇ. ಗಂಡ ಹೆಂಡತಿ ಇಬ್ಬರು ಮಕ್ಕಳು, ಚೀಲದಲ್ಲಿ ಜೋಳದ ಹಿಟ್ಟು, ಹಗ್ಗ ಕಟ್ಟಿದ ಸ್ಟೋವು, ಪಾತ್ರೆ, ಹಾಸಿಗೆ ಸುರುಳಿ ಇದ್ದರೆ ಅದು ಗುಳೆ. ಶಾಲೆ ನಡೆಯುವ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಿದ್ದಾರೆ ಅಂದರೆ ಊರಲ್ಲಿ ನೋಡಿಕೊಳ್ಳುವವರೂ ಇಲ್ಲ, ತಿನ್ನಿಸಲೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರ ಅಂತ ಘೋಷಣೆಯಾಗಿತ್ತು. ಅಂಥ ವರ್ಷ ದನದ ಸಂತೆಯಲ್ಲಿ ಮೇವಿನ ದರ ಏರುತ್ತಾ ಎತ್ತಿನ ದರ ಇಳಿಯುತ್ತಾ ಹೋಗುತ್ತದೆ. ಎತ್ತು ಮಾರಿದವನು ಮುಂದಿನ ಬಿತ್ತನೆಗೆ ಟ್ರ್ಯಾಕ್ಟರ್ ಬಾಡಿಗೆ ಕೊಡಬೇಕು, ಅದಕ್ಕೆ ಮತ್ತೆ ಸಾಲ. ಒಂದು ಬರ ಎರಡು ವರ್ಷ ಕಾಡುವುದು ಹೀಗೆ.

ಬಸ್ಸು ತುಂಬಿದೆ ಅನ್ನೋದು ಈಗ ಲೆಕ್ಕಕ್ಕಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಜಾಸ್ತಿಯಾಯಿತು, ಒಳ್ಳೆಯದೇ ಆಯಿತು. ಆದರೆ ನೀವು ಸಣ್ಣ ಊರಿನಲ್ಲಿ ಬಟ್ಟೆ ಅಂಗಡಿ ಹಾಕುವವರಾದರೆ, ಹುಬ್ಬಳ್ಳಿಯಿಂದ ಸಂಜೆ ಬರುವ ಕೊನೆಯ ಬಸ್ಸು ನಿಲ್ಲುವಾಗ ಬಾಗಿಲ ಹತ್ತಿರ ನಿಂತು ಇಳಿಯುವವರ ಕೈಚೀಲ ನೋಡಿ. ದುರ್ಗದಬೈಲಿನ, ಕೊಪ್ಪಿಕರ ರಸ್ತೆಯ ಅಂಗಡಿಗಳ ಹೆಸರಿನ ಚೀಲ ಎಷ್ಟು? ಟಿಕೆಟ್ಟಿಗೆ ರೊಕ್ಕ ಕೊಡಬೇಕಾದಾಗ ಸೀರೆ ಇಲ್ಲೇ ತಗೊಳ್ಳುತ್ತಿದ್ದವರು ಈಗ ಹುಬ್ಬಳ್ಳಿಗೆ ಹೋಗಿ ನಾಲ್ಕು ಅಂಗಡಿ ತಿರುಗಿ ತರುತ್ತಾರೆ. ಊರಲ್ಲಿ ರೊಕ್ಕ ಇದೆ, ಊರಲ್ಲಿ ನಿಲ್ಲುತ್ತಿಲ್ಲ. ಇಂಥ ಊರಿನಲ್ಲಿ ಬಟ್ಟೆ ಅಂಗಡಿಗಿಂತ ಫಾಲ್-ಪಿಕೋ, ಬ್ಲೌಸ್ ಹೊಲಿಗೆ ಅಂಗಡಿ ಚೆನ್ನಾಗಿ ನಡೆಯುತ್ತದೆ ಅನ್ನೋದು ನನ್ನ ಅನಿಸಿಕೆ.

ಕೊನೆಗೆ ಸೊಸೈಟಿ

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರ ಸಹಕಾರ ಸಂಘ ಹುಟ್ಟಿತು, ದೇಶದಲ್ಲೇ ಮೊದಲಿನದು ಅಂತ ಹೆಸರು. ನಮ್ಮ ಕಡೆ ಸೊಸೈಟಿ ಇಲ್ಲದ ಊರಿಲ್ಲ. ಅದರ ನೋಟಿಸ್ ಬೋರ್ಡಿನಲ್ಲಿ ಸುಸ್ತಿದಾರರ ಪಟ್ಟಿ ಹಚ್ಚಿದ್ದರೆ ಓದಿ. ಆದರೆ ವಸೂಲಿ ನೂರಕ್ಕೆ ತೊಂಬತ್ತೆಂಟು ಅಂದ ಕೂಡಲೇ ಖುಷಿಪಡಬೇಡಿ. ಬಡ್ಡಿಯಿಲ್ಲದ ಬೆಳೆಸಾಲ 5 ಲಕ್ಷದವರೆಗೆ ಸಿಗುತ್ತದೆ, ಅವಧಿಯೊಳಗೆ ಕಟ್ಟಿದರೆ ಮಾತ್ರ. ಹಾಗಾಗಿ ಎಷ್ಟೋ ಮಂದಿ ಹೊರಗೆ ಎಂಟು ದಿನಕ್ಕೆ ಬಡ್ಡಿಗೆ ತಂದು ಕಟ್ಟಿ, ಹೊಸ ಸಾಲ ಎತ್ತಿ, ಹೊರಗಿನವನಿಗೆ ವಾಪಸ್ ಕೊಡುತ್ತಾರೆ. ಪುಸ್ತಕದಲ್ಲಿ ವಸೂಲಿ ಆಯಿತು, ನಿಜದಲ್ಲಿ ಪುಟ ದಾಟಿತು ಅಷ್ಟೇ. ಕಾಕಾನ ಮೂರನೇ ಪುಸ್ತಕದ ಕಥೆಯೇ. ಮಾರ್ಚ್ ತಿಂಗಳಲ್ಲಿ ಊರಿನ ಕೈಸಾಲದ ಬಡ್ಡಿ ಎಷ್ಟಕ್ಕೆ ಏರುತ್ತದೆ ಅಂತ ಒಬ್ಬರನ್ನು ಕೇಳಿದರೆ ಪಟ್ಟಿ ಓದುವ ಅಗತ್ಯವೇ ಇಲ್ಲ. ಪ್ಲಾಟು, ಹೊಲ ಕೊಳ್ಳುವವರು ಉತಾರ (ಪಹಣಿ) ತೆಗೆಸಿ ಋಣದ ಕಲಂ ನೋಡುವುದನ್ನು ಮರೆಯಬೇಡಿ. ಅಕ್ಕಪಕ್ಕದ ನಾಲ್ಕು ಸರ್ವೆ ನಂಬರಿನದ್ದೂ ನೋಡಿ, ಆನ್‌ಲೈನಿನಲ್ಲೇ ಕಾಣುತ್ತದೆ.

ಇದೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ಒಂದು ಊರನ್ನು ಇನ್ನೊಂದು ಊರಿನ ಜತೆ ಹೋಲಿಸಬೇಡಿ, ಧಾರವಾಡ ನೋಡಿ ರೋಣ ಬಡ ಊರು ಅನ್ನುವುದರಲ್ಲಿ ಅರ್ಥವಿಲ್ಲ. ಅದೇ ಊರು, ಅದೇ ಸರ್ಕಲ್ಲು, ಹೋದ ವರ್ಷ ಇದೇ ತಿಂಗಳು ಹೇಗಿತ್ತು, ಅಷ್ಟು ನೋಡಿ. ಹೋದ ವರ್ಷದ್ದು ನಿಮ್ಮ ಹತ್ತಿರ ಇಲ್ಲದಿದ್ದರೆ ಅಲ್ಲಿನ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ. ಕಿರಾಣಿಯವರು ಅಳುತ್ತಲೇ ಇರುತ್ತಾರೆ, ಪ್ಲಾಟ್ ಮಾರುವವರು ನಗುತ್ತಲೇ ಇರುತ್ತಾರೆ, ಇಬ್ಬರದ್ದನ್ನೂ ಅರ್ಧಕ್ಕೆ ಇಳಿಸಿ. ಇನ್ನೂ ಅನುಮಾನ ಇದ್ದರೆ ಹನ್ನೊಂದು ತಿಂಗಳ ಕರಾರು ಮಾಡಿಕೊಂಡು ಸಣ್ಣದಾಗಿ ಹಾಕಿ. ಪೀಠೋಪಕರಣಕ್ಕೆ ಖರ್ಚು ಮಾಡಬೇಡಿ, ಎತ್ತಿಕೊಂಡು ಹೋಗಲು ಬರುವಂಥದ್ದೇ ಇರಲಿ.

ನಾನು ಸ್ವಂತದ್ದು ಶುರು ಮಾಡುವಾಗ ಮೊದಲು ಹೋದದ್ದು ಕಾಕಾನ ಹತ್ತಿರವೇ. ಅದೇ ಪೇಟೆಯಲ್ಲಿ, ಅವರ ಅಂಗಡಿಯಿಂದ ನಾಲ್ಕು ಮಳಿಗೆ ಆಚೆ ಒಂದು ಜಾಗ ನೋಡಿಕೊಂಡಿದ್ದೆ. "ಹಾಕ್ಲಾ ಕಾಕಾ?" ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ, ಗಿರಾಕಿಗೆ ಅವಲಕ್ಕಿ ತೂಗಿ ಕೊಟ್ಟರು. ಆಮೇಲೆ ಸಿಗರೇಟು ಪಾಕೀಟಿನ ಹಿಂದೆ ಪೆನ್ಸಿಲ್ಲಿನಿಂದ ಹೆಸರು ಬರೆಯತೊಡಗಿದರು, ಹದಿನಾಲ್ಕು ಹೆಸರು. "ಹಾಕು ತಮ್ಮಾ. ಇವರಿಗಷ್ಟ ಉದ್ರಿ ಕೊಡಬ್ಯಾಡ."

ಮೂರನೆಯ ಹೆಸರು ನಾನು ನೋಡಿದ್ದ ಮಳಿಗೆಯ ಮಾಲೀಕರದ್ದು.